ಕಂಪ್ಯೂಟರಿನಲ್ಲಿ ಕಛೇರಿ: ಓದುಗರ ಪ್ರಶ್ನೆಗಳು

ಮನೆಯಲ್ಲಿರುವ ಕಂಪ್ಯೂಟರನ್ನೇ ಒಳ್ಳೆಯ ಮ್ಯೂಸಿಕ್ ಪ್ಲೇಯರ್ ಮಾಡಿಕೊಳ್ಳಬಹುದು, ಅದಕ್ಕೆ ಬೇರೆ ದುಬಾರಿ ಪೆಟ್ಟಿಗೆ ಬೇಕಿಲ್ಲ ಎಂದು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಕೇಳುವುದು ಒಂದೇ ಪ್ರಶ್ನೆ: ಯಾವ ಡ್ಯಾಕ್ ಕೊಳ್ಳಲಿ? ಡ್ಯಾಕ್ ಎಂದರೆ ಫೈಲಿನಲ್ಲಿರುವ ಅಂಕಿಗಳನ್ನು ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಮಾಡಿಕೊಡುವ ಚಿಪ್ಪು. ಇಂದು ಕೆಲವು ಸಾವಿರ ರೂಪಾಯಿಗೆ ಸಿಗುವ ಯುಎಸ್‌ಬಿ ಡ್ಯಾಕ್ ಕೂಡ ನಿಮ್ಮ ಕಿವಿ ಹಿಡಿಯಲಾರದಷ್ಟು ಸ್ವಚ್ಛವಾಗಿರುತ್ತದೆ. ಸಂಗೀತ ಕೆಡುವುದು ಈ ಸಾಲಿನ ಎರಡು ತುದಿಗಳಲ್ಲಿ. ಒಂದು ತುದಿಯಲ್ಲಿ, ಹಾಡನ್ನು ಕಂಪ್ಯೂಟರಿಗೆ ಇಳಿಸುವಾಗ. ಇನ್ನೊಂದು ತುದಿಯಲ್ಲಿ, ಸ್ಪೀಕರಿನಿಂದ ಕೋಣೆಗೆ ಹೊರಡುವಾಗ. ದುಡ್ಡನ್ನೂ ತಾಳ್ಮೆಯನ್ನೂ ಅಲ್ಲಿ ಸುರಿಯಿರಿ. 'ಯಾವ ಡ್ಯಾಕ್' ಎಂದು ಕೇಳಿದವರೆಲ್ಲ ಇದನ್ನೇ ಉತ್ತರವೆಂದು ಸ್ವೀಕರಿಸಬೇಕು. ಉಳಿದ ಪತ್ರಗಳಿಗೆ ಬರುತ್ತೇನೆ.

ಪ್ರಶ್ನೆ (ತುಮಕೂರಿನಿಂದ): ಲ್ಯಾಪ್‌ಟಾಪಿನ ಹೆಡ್‌ಫೋನ್ ಸಾಕೆಟ್ಟಿನಿಂದ ವೈರು ಎಳೆದು ಹಳೆಯ ಆಂಪ್ಲಿಫೈಯರಿಗೆ ಕೊಟ್ಟಿದ್ದೇನೆ. ಹಾಡು ಶುರುವಾಗುವ ಮೊದಲೇ ಗುಂಯ್ ಎನ್ನುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಅಂಗಡಿಯವರು ದೊಡ್ಡ ಡ್ಯಾಕ್ ಹಾಕಿ ಎನ್ನುತ್ತಾರೆ.

ಉತ್ತರ: ಡ್ಯಾಕ್ ಕೊಳ್ಳುವ ಮೊದಲು ಚಾರ್ಜರ್ ಕಿತ್ತು ನೋಡಿ. ಬ್ಯಾಟರಿಯ ಮೇಲೆ ಓಡುವಾಗ ಗುಂಯ್ ನಿಂತುಹೋದರೆ ಕಳ್ಳ ಸಿಕ್ಕಿಬಿದ್ದ. ನಿಮ್ಮ ಚಾರ್ಜರಿನ ಪ್ಲಗ್ಗಿಗೆ ಎರಡೇ ಪಿನ್ನು ಇರಬೇಕು. ಅದರೊಳಗೆ 230 ವೋಲ್ಟಿನ ಬದಿಗೂ ಲ್ಯಾಪ್‌ಟಾಪಿನ ಬದಿಗೂ ನಡುವೆ ಒಂದು ಸಣ್ಣ ಕೆಪ್ಯಾಸಿಟರ್ ಕೂತಿರುತ್ತದೆ. ಚಾರ್ಜರ್ ಎಬ್ಬಿಸುವ ರೇಡಿಯೊ ಗಲಾಟೆಯನ್ನು ತಗ್ಗಿಸುವುದು ಅದರ ಕೆಲಸ. ಅದರ ಮೂಲಕ ಒಂದಿಷ್ಟು ಕರೆಂಟು ಸೋರುತ್ತದೆ. ಭೂಮಿಗೆ ಇಳಿಯಲು ಅದಕ್ಕೆ ಮೂರನೆಯ ಪಿನ್ನಿಲ್ಲ. ಹಾಗಾಗಿ ನಿಮ್ಮ ಬೆರಳನ್ನು ಹಿಡಿದು ಇಳಿಯುತ್ತದೆ, ಇಲ್ಲವೇ ಹಾಡಿನ ವೈರಿನ ಹೊರಬಲೆಯನ್ನು ಹಿಡಿದು ಆಂಪ್ಲಿಫೈಯರಿಗೆ ಹೋಗುತ್ತದೆ. ಬೆರಳಿನ ಜುಮ್ಮೂ ಕಿವಿಯ ಗುಂಯ್ಯೂ ಒಂದೇ ಬೇರಿನವು. ಅದೇ ಕಂಪನಿಯ ಮೂರು ಪಿನ್ನಿನ ಚಾರ್ಜರ್ ಸಿಕ್ಕಿದರೆ, ಮನೆಯ ಅರ್ಥಿಂಗ್ ಸರಿಯಿದ್ದರೆ, ಎರಡೂ ಹೋಗುತ್ತವೆ.

ಚಾರ್ಜರ್ ಕಿತ್ತರೂ ಸದ್ದು ಹೋಗದಿದ್ದರೆ ಹಾಡಿನ ವೈರನ್ನೇ ಆಂಪ್ಲಿಫೈಯರಿನಿಂದ ಕಿತ್ತುಬಿಡಿ. ಆಗಲೂ ಗುಂಯ್ ಎಂದರೆ ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ, ಆಂಪ್ಲಿಫೈಯರಿನ ಪವರ್ ಸಪ್ಲೈನಲ್ಲಿರುವ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಒಣಗಿವೆ. ಹಳೆಯ ಸೆಟ್ಟುಗಳಲ್ಲಿ ಇದು ಬರಲೇಬೇಕಾದ ಕಾಯಿಲೆ. ಸಂಗೀತ ಬಲ್ಲವರು ಈ ಎರಡನ್ನು ಕಿವಿಯಿಂದಲೇ ಬೇರ್ಪಡಿಸಬಹುದು. ಅರ್ಥಿಂಗ್ ಕಡೆಯಿಂದ ಬರುವ ಸದ್ದು ಸಾಮಾನ್ಯವಾಗಿ 50 ಹರ್ಟ್ಸ್, ಮಂದ್ರದಲ್ಲಿ ಮಂದವಾಗಿರುತ್ತದೆ. ಒಣಗಿದ ಕೆಪ್ಯಾಸಿಟರಿನದು 100 ಹರ್ಟ್ಸ್, ಅಂದರೆ ಅದೇ ಷಡ್ಜದ ಒಂದು ಸ್ಥಾಯಿ ಮೇಲೆ. ಟೇಪ್‌ರೆಕಾರ್ಡರ್ ರಿಪೇರಿಯ ದಿನಗಳಲ್ಲಿ ನಾನು ಮುಚ್ಚಳ ತೆಗೆಯುವ ಮೊದಲು ಇದನ್ನೇ ಕೇಳಿಸಿಕೊಳ್ಳುತ್ತಿದ್ದೆ. ಗಿರಾಕಿಗಳಿಗೆ ಅದು ಮಂತ್ರವಿದ್ಯೆಯಂತೆ ಕಾಣುತ್ತಿತ್ತು.

ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಎರಡಕ್ಕೂ ಮೂರು ಪಿನ್ನಿದ್ದು, ಎರಡನ್ನೂ ಬೇರೆ ಬೇರೆ ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದರೆ ಎರಡು ಅರ್ಥ್ ತಂತಿಗಳೂ ಹಾಡಿನ ವೈರೂ ಸೇರಿ ಒಂದು ಬಳೆಯಾಗುತ್ತದೆ. ಅದರಲ್ಲಿ ಕರೆಂಟು ಸುತ್ತುತ್ತದೆ, ಗುಂಯ್ ಹುಟ್ಟುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ; ಅರ್ಧ ಮನೆಗಳಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಆಪ್ಟಿಕಲ್ ಕೇಬಲ್ ಇರುವ ಡ್ಯಾಕ್ ತನ್ನಿ. ಅದರಲ್ಲಿ ಹೋಗುವುದು ಬೆಳಕು, ತಾಮ್ರದ ನಂಟೇ ಇಲ್ಲ. ಮೌಸ್ ಆಡಿಸಿದಾಗಲೆಲ್ಲ ಕಿರ್ ಕಿರ್ ಎನ್ನುವುದು ಇನ್ನೊಂದು ಜಾತಿ. ಅದು ಕಂಪ್ಯೂಟರಿನ ಹೊಟ್ಟೆಯೊಳಗಿನ ಗಲಾಟೆ. ಅದಕ್ಕೆ ಮಾತ್ರ ಹೊರಗಿನ ಡ್ಯಾಕ್ ನಿಜವಾದ ಮದ್ದು.

ಆಂಪ್ಲಿಫೈಯರಿನ ಅರ್ಥ್ ಪಿನ್ನನ್ನು ಕತ್ತರಿಸಿ ಗುಂಯ್ ನಿಲ್ಲಿಸುವ ಬುದ್ಧಿವಂತರು ಊರಿಗೊಬ್ಬರು ಇದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಮುಂದೊಂದು ದಿನ ಒಳಗಿನ ತಂತಿ ಕಳಚಿ ಮೈಗೆ ತಾಗಿದರೆ ನಿಮ್ಮ ಉಸಿರೂ ನಿಲ್ಲುತ್ತದೆ. ಅವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ (ಧಾರವಾಡದಿಂದ): ಹಿಂದುಸ್ತಾನಿ ಸಂಗೀತದ ಸಿ.ಡಿ.ಗಳು ಎರಡು ಕಪಾಟು ತುಂಬ ಇವೆ. ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಹಾಕಬೇಕು. ಎಂಪಿ3 320 (ಸೆಕೆಂಡಿಗೆ 320 ಕಿಲೋಬಿಟ್) ಸಾಕೇ, ಫ್ಲಾಕ್ ಬೇಕೇ? ಮಗ ಹೇಳುವಂತೆ ಈಗಿರುವ ಎಂಪಿ3ಗಳನ್ನೇ ಫ್ಲಾಕಿಗೆ ಬದಲಾಯಿಸಿದರೆ ಆಯಿತಂತೆ.

ಉತ್ತರ: ಮಗನ ಮಾತನ್ನು ಮೊದಲು ಬದಿಗಿಡಿ. ಬಿಂದಿಗೆಯ ನೀರನ್ನು ಹಂಡೆಗೆ ಸುರಿದರೆ ನೀರು ಹಂಡೆಯಷ್ಟಾಗುವುದಿಲ್ಲ. ಫೈಲು ಸಣ್ಣದಾಗಲೆಂದು ಎಂಪಿ3 ಮಾಡುವಾಗ ಧ್ವನಿಯ ಒಂದಿಷ್ಟು ಅಂಶವನ್ನು ಬಿಸಾಡುತ್ತಾರೆ; ಬಿಸಾಡಿದ್ದು ಬಿಸಾಡಿದ್ದೇ.

ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್. ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು 635 ಮೆಗಾಬೈಟ್. ಫ್ಲಾಕ್ ಇದನ್ನು ಒಂದು ಅಂಕಿಯನ್ನೂ ಬಿಡದೆ ಮಡಚಿ, ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಸುತ್ತದೆ. ನುಡಿಸುವಾಗ ಬಿಚ್ಚಿದರೆ ಮೂಲದ್ದೇ ಬರುತ್ತದೆ. 2001ರಿಂದ ಇರುವ ಉಚಿತ, ಮುಕ್ತ ಮಾದರಿ ಇದು. 0ಯಿಂದ 8ರವರೆಗೆ ಮಟ್ಟಗಳಿವೆ. ಹೆಚ್ಚಿನ ಅಂಕಿ ಎಂದರೆ ಇನ್ನಷ್ಟು ಬಿಗಿಯಾಗಿ ಮಡಚುವುದು, ಇನ್ನಷ್ಟು ಒಳ್ಳೆಯ ಧ್ವನಿಯಲ್ಲ. ನಿಮ್ಮಲ್ಲಿರುವ ಹಳೆಯ ಧ್ವನಿಮುದ್ರಿಕೆಗಳು ಮಾನೊ ಆಗಿದ್ದು ಎಡಬಲ ಎರಡೂ ಒಂದೇ ಆಗಿದ್ದರೆ ಫೈಲು ಇನ್ನೂ ಸಣ್ಣದಾಗುತ್ತದೆ, ಏಕೆಂದರೆ ಎರಡರ ವ್ಯತ್ಯಾಸವೇ ಸೊನ್ನೆ. ಗಾಬರಿಯಾಗಬೇಡಿ, ಏನೂ ಕಳೆದುಹೋಗಿರುವುದಿಲ್ಲ. 1 ಟೆರಾಬೈಟಿನ ಡಿಸ್ಕಿನಲ್ಲಿ ನಿಮ್ಮ ಎರಡು ಕಪಾಟಿನ ಜತೆಗೆ ನೆರೆಮನೆಯವರ ಕಪಾಟೂ ಹಿಡಿಯುತ್ತದೆ.

320ರ ಎಂಪಿ3 ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಾರಿನಲ್ಲಿ, ಫೋನಿನಲ್ಲಿ ಅದೇ ಸಾಕು. ಆದರೆ ಕಪಾಟು ಖಾಲಿ ಮಾಡುವ ಕೆಲಸವನ್ನು ಬಾಳಿನಲ್ಲಿ ಯಾರೂ ಎರಡು ಸಲ ಮಾಡುವುದಿಲ್ಲ. ಫ್ಲಾಕ್ ಇಟ್ಟುಕೊಂಡರೆ ನಾಳೆ ಬೇಕಾದ ಯಾವ ಮಾದರಿಗಾದರೂ ಅದರಿಂದ ಪ್ರತಿ ತೆಗೆಯಬಹುದು. ಇನ್ನೊಂದು ಕಾರಣವೂ ಇದೆ. ಎಂಪಿ3 ಫೈಲಿನ ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ವಿಲಂಬಿತ ಮುಗಿದು ದ್ರುತ್ ಹಿಡಿಯುವ ಜಾಗದಲ್ಲಿ ಸಿ.ಡಿ. ಟ್ರ್ಯಾಕ್ ಕತ್ತರಿಸಿದ್ದರೆ, ಕೆಲವು ಪ್ಲೇಯರುಗಳಲ್ಲಿ ತಂಬೂರಿ ಅಲ್ಲೊಮ್ಮೆ ಬಿಕ್ಕಳಿಸುತ್ತದೆ. ಫ್ಲಾಕಿನಲ್ಲಿ ಆ ಕಾಟವಿಲ್ಲ.

ಇಳಿಸುವ ವಿಧಾನದ ಬಗ್ಗೆ ಹಟ ಮಾಡುತ್ತೇನೆ. ವಿಂಡೋಸ್ ಇದ್ದರೆ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶವನ್ನೇ ಬಳಸಿ. ಅದರ ಸೆಕ್ಯೂರ್ ಮೋಡಿನಲ್ಲಿ ಸಿ.ಡಿ.ಯ ಪ್ರತಿ ತುಣುಕನ್ನೂ ಒಂದಕ್ಕಿಂತ ಹೆಚ್ಚು ಸಲ ಓದಿ ತಾಳೆ ನೋಡುತ್ತದೆ. ಅಷ್ಟಲ್ಲದೆ ಅಕ್ಯುರೇಟ್‌ರಿಪ್ ಎಂಬ ದಾಖಲೆಯ ಜತೆ ಹೋಲಿಸಿ, ಜಗತ್ತಿನಲ್ಲಿ ಅದೇ ಸಿ.ಡಿ. ಇಳಿಸಿದವರ ಪ್ರತಿಗೂ ನಿಮ್ಮ ಪ್ರತಿಗೂ ಹೊಂದುತ್ತದೆಯೇ ಎಂದು ಹೇಳುತ್ತದೆ. ಗೀರು ಬಿದ್ದ ಸಿ.ಡಿ. ಒಂದನ್ನೇ ಅರ್ಧ ದಿನ ಹಿಡಿದು ಕೂತೀತು, ಕೂರಲಿ ಬಿಡಿ. ಕೊನೆಗೆ ಬರುವ ವರದಿಯನ್ನು ಓದದೆ ಸಿ.ಡಿ.ಯನ್ನು ಯಾರಿಗೂ ದಾನ ಮಾಡಬೇಡಿ. ಮನೆಯಲ್ಲೇ ಸುಟ್ಟ ಸಿ.ಡಿ.-ಆರ್ ತಟ್ಟೆಗಳಿದ್ದರೆ ಅವನ್ನು ಮೊದಲು ಇಳಿಸಿ. ಅವುಗಳಲ್ಲಿರುವುದು ಬಣ್ಣದ ಪದರ, ಅದು ವರ್ಷಗಳು ಕಳೆದಂತೆ ಮಾಸುತ್ತದೆ. ಅಂಗಡಿಯಿಂದ ಕೊಂಡ ಅಚ್ಚಿನ ಸಿ.ಡಿ. ಕಾಯುತ್ತದೆ, ಇದು ಕಾಯುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): ನನಗೆ ಎಪ್ಪತ್ತು ಸಮೀಪಿಸಿದೆ. ವೀಣೆ ಕೇಳುವ ಹುಚ್ಚು. ಈ ವಯಸ್ಸಿನ ಕಿವಿಗೆ ಇಷ್ಟೆಲ್ಲ ತಯಾರಿ ದಂಡವೇ?

ಉತ್ತರ: ದಂಡವಲ್ಲ ಸ್ವಾಮಿ. ಎಳೆಯ ಕಿವಿಗೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ, ನಮ್ಮ ವಯಸ್ಸಿಗೆ ಅದು 10–12ಕ್ಕೆ ಇಳಿದಿರುವುದು ಸಹಜ. ಆದರೆ ಪಿಯಾನೊದ ಕಟ್ಟಕಡೆಯ ಕೀಲಿಯ ಮೂಲ ಸ್ವರವೇ 4,186 ಹರ್ಟ್ಸ್. ವೀಣೆಯ ಮೀಟು, ಎಳೆದ ತಂತಿಯ ಗಮಕ, ಮೀಟಿನ ಮೇಲೆ ಉಳಿಯುವ ನಾದ, ಇವೆಲ್ಲ ನಿಮ್ಮ ಕಿವಿಯ ಅಳವಿನ ಒಳಗೇ ಇವೆ. ಗುಂಯ್ ಸದ್ದು, ಕೋಣೆಯ ಪ್ರತಿಧ್ವನಿ, ಒಡಕು ಸ್ಪೀಕರು, ಇವು ಹಾಳು ಮಾಡುವುದೂ ಅದೇ ಜಾಗವನ್ನು. ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಲು ವಯಸ್ಸಿನ ಮಿತಿಯಿಲ್ಲ. 192 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 1,92,000 ಮಾದರಿ, ಎಂದು ಬರೆದ ಡಬ್ಬಿಗಳಿಗೆ ಮಾತ್ರ ದುಡ್ಡು ಕೊಡಬೇಡಿ. ಅದರಲ್ಲಿ ಹೆಚ್ಚುವರಿಯಾಗಿ ಇರುವುದು ನಿಮ್ಮ ಮೊಮ್ಮಗನಿಗೂ ಕೇಳಿಸುವುದಿಲ್ಲ, ಮನೆಯ ನಾಯಿಗೆ ಕೇಳಿಸೀತು.

ಪ್ರಶ್ನೆ (ಬೆಂಗಳೂರಿನಿಂದ): 192 ದಂಡ ಎಂದು ನೀವು ಹೇಳುತ್ತೀರೆಂದು ಮೊದಲೇ ಊಹಿಸಿ ತಕರಾರು ಬರೆಯುತ್ತಿದ್ದೇನೆ. 24 ಬಿಟ್ 192 ಕಿಲೋಹರ್ಟ್ಸ್ ಫೈಲುಗಳನ್ನು ದುಡ್ಡು ಕೊಟ್ಟು ತರಿಸಿದ್ದೇನೆ. ಸಿ.ಡಿ.ಗಿಂತ ಚೆನ್ನಾಗಿರುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಉತ್ತರ: ಕೇಳಿಸುತ್ತಿರಬಹುದು. ಹಲವು ಬಾರಿ ಹೊಸ ಫೈಲನ್ನು ಬೇರೆ ಮಾಸ್ಟರಿನಿಂದ, ಅಂದರೆ ಬೇರೆ ಮೂಲಪ್ರತಿಯಿಂದ, ಹೆಚ್ಚು ಕಾಳಜಿಯಿಂದ ತಯಾರಿಸಿರುತ್ತಾರೆ. ಆ ಶ್ರೇಯಸ್ಸು ಆ ಕೆಲಸಗಾರನದು, 192ರದ್ದಲ್ಲ. ಪರೀಕ್ಷೆ ಹೀಗೆ ಮಾಡಿ. ಅದೇ ಫೈಲಿನಿಂದ 16 ಬಿಟ್ 44.1ರ ಇನ್ನೊಂದು ಪ್ರತಿ ತೆಗೆಯಿರಿ. ಫೂಬಾರ್2000 ಎಂಬ ಉಚಿತ ಪ್ಲೇಯರಿಗೆ ಎಬಿಎಕ್ಸ್ ಎಂಬ ಸೇರ್ಪಡೆ ಸಿಗುತ್ತದೆ. ಅದು ಯಾವುದು ಯಾವುದೆಂದು ತಿಳಿಸದೆ ಎರಡನ್ನೂ ನುಡಿಸಿ ನಿಮ್ಮನ್ನು ಕೇಳುತ್ತದೆ. 16 ಸುತ್ತಿನಲ್ಲಿ 12 ಸರಿ ಬಂದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹಾಗೆ ಬಂದರೆ ನನಗೆ ಬರೆಯಿರಿ, ಅಂಕಣದಲ್ಲಿ ಪ್ರಕಟಿಸುತ್ತೇನೆ.

ಇನ್ನೊಂದು ಪರೀಕ್ಷೆ ಕಿವಿಯದ್ದಲ್ಲ, ಕಣ್ಣಿನದು. ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ಫೈಲನ್ನು ತೆರೆದರೆ ಧ್ವನಿಯ ನಕ್ಷೆ ಬಣ್ಣದಲ್ಲಿ ಕಾಣುತ್ತದೆ. 192 ಎಂದು ಮಾರಿದ ಫೈಲಿನಲ್ಲಿ ಸಿ.ಡಿ.ಯ ಮಿತಿಯಾದ 22 ಕಿಲೋಹರ್ಟ್ಸಿಗೆ ಚಾಕುವಿನಿಂದ ಕೊಯ್ದಂತೆ ಬಣ್ಣ ನಿಂತು, ಮೇಲೆಲ್ಲ ಕಪ್ಪಗಿದ್ದರೆ ನಿಮಗೆ ಸಿ.ಡಿ.ಯನ್ನೇ ದೊಡ್ಡ ಡಬ್ಬಿಯಲ್ಲಿ ಕೊಟ್ಟಿದ್ದಾರೆ. 16ರ ಹತ್ತಿರವೇ ಕೊಯ್ದಿದ್ದರೆ ಇನ್ನೂ ಮಜಾ, ಅದು 128ರ ಎಂಪಿ3 ಆಗಿದ್ದಿರಬೇಕು. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಗಳಂಥವನ್ನೂ 192ರಲ್ಲಿ ಹಂಚಿಕೊಳ್ಳುವವರಿದ್ದಾರೆ. ಒಂದು ಬದಿಗೆ ಮೂರು ನಿಮಿಷದಷ್ಟು ಹಾಡು ಹಿಡಿದ ಆ ಅರಗಿನ ತಟ್ಟೆಯಲ್ಲಿ 20 ಕಿಲೋಹರ್ಟ್ಸ್ ದಾಟಿದ್ದು ಏನಾದರೂ ಇದ್ದರೆ ಅದು ಸೂಜಿಯ ಸರಸರ.

24 ಬಿಟ್ಟಿಗೆ ಒಂದು ಸಾಚಾ ಉಪಯೋಗವಿದೆ: ನೀವೇ ಧ್ವನಿ ಮುದ್ರಿಸುವಾಗ. ಮುಂದಿನ ಉತ್ತರ ನೋಡಿ.

ಪ್ರಶ್ನೆ (ಕುಂದಾಪುರದಿಂದ): ನಮ್ಮ ತಂದೆಯವರು ಬಯಲಾಟಗಳಲ್ಲಿ ಪುಟ್ಟ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಮುದ್ರಿಸಿದ ಕ್ಯಾಸೆಟ್ಟುಗಳಿವೆ. ಭಾಗವತಿಕೆ ಚೆನ್ನಾಗಿದೆ, ಆದರೆ ಸರಸರ ಸದ್ದು ಜಾಸ್ತಿ. ಕಂಪ್ಯೂಟರಿಗೆ ಹಾಕಿ ಸ್ವಚ್ಛ ಮಾಡುವುದು ಹೇಗೆ?

ಉತ್ತರ: ಇಂಥ ಪತ್ರ ಬಂದರೆ ನನಗೆ ಹಬ್ಬ. ಅಂಗಡಿಯಲ್ಲಿ ಮಾರಿದ ಕ್ಯಾಸೆಟ್ಟಾದರೆ ಇನ್ನೊಬ್ಬರ ಬಳಿ ಇದ್ದೀತು. ನಿಮ್ಮಲ್ಲಿರುವುದು ಜಗತ್ತಿನಲ್ಲಿ ಒಂದೇ ಪ್ರತಿ. ಅದಕ್ಕೇ ಅವಸರ ಬೇಡ.

ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಟೇಪಿನ ಹಿಂದೆ ತೆಳುವಾದ ತಾಮ್ರದ ಪಟ್ಟಿಯ ಮೇಲೆ ಒಂದು ಪುಟ್ಟ ಉಣ್ಣೆಯ ತುಣುಕು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತುವುದು ಅದೇ. ಹಳೆಯ ಕ್ಯಾಸೆಟ್ಟುಗಳಲ್ಲಿ ಅಂಟು ಒಣಗಿ ಅದು ಬಿದ್ದುಹೋಗಿರುತ್ತದೆ, ಧ್ವನಿ ಗುಹೆಯೊಳಗಿಂದ ಬಂದಂತಿರುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಇನ್ನೊಂದು ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಗಳನ್ನು ಎತ್ತಿಡಿ. ಬಳಿಕ ಡೆಕ್ಕಿನ ಹೆಡ್ಡನ್ನೂ ರಬ್ಬರಿನ ಉರುಳೆಯನ್ನೂ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಿ. ಕಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ. ಆ ಕಂದು ಎಲ್ಲ ಹಿಂದಿನ ಕ್ಯಾಸೆಟ್ಟುಗಳ ಮೈಯಿಂದ ಉದುರಿದ ಕಬ್ಬಿಣದ ಆಕ್ಸೈಡು.

ಈಗ ಮುಖ್ಯ ಕೆಲಸ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇದೆ, ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಹೆಡ್ಡಿನ ವಾಲುವಿಕೆಯನ್ನು ಸರಿಪಡಿಸುವುದು ಅದು, ಅಜಿಮತ್ ಎನ್ನುತ್ತೇವೆ. ನಿಮ್ಮ ತಂದೆಯವರ ರೆಕಾರ್ಡರಿನ ಹೆಡ್ಡು ಎಷ್ಟು ವಾಲಿತ್ತೋ ನಿಮ್ಮ ಡೆಕ್ಕಿನದ್ದೂ ಅಷ್ಟೇ ವಾಲಬೇಕು. ಕ್ಯಾಸೆಟ್ ನುಡಿಯುತ್ತಿರುವಾಗ ಎರಡು ಚಾನೆಲ್ಲನ್ನೂ ಸೇರಿಸಿ ಮಾನೊ ಮಾಡಿ, ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಒಂದು ಕಡೆ ಮಂಜು ಸರಿದು ಜಾಗಟೆಯ ತುದಿ, ಭಾಗವತರ ಸಕಾರ ಚುರುಕಾಗಿ ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ. ಮುದ್ರಣವಾದ ಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿಣುಕಿದರೂ ಈ ಒಂದು ತಿರುಪು ಕೊಡುವ ಲಾಭ ಸಿಗುವುದಿಲ್ಲ. ಪ್ರತಿ ಕ್ಯಾಸೆಟ್ಟಿಗೂ ಹೊಸದಾಗಿ ಮಾಡಬೇಕು.

ಡೆಕ್ಕಿನ ಲೈನ್‌ಔಟ್‌ನಿಂದ ಕಂಪ್ಯೂಟರಿನ ನೀಲಿ ಸಾಕೆಟ್ಟಿಗೆ ವೈರು ಕೊಡಿ. ಗುಲಾಬಿ ಬಣ್ಣದ್ದು ಮೈಕಿನದು, ಅದಕ್ಕೆ ಕೊಟ್ಟರೆ ದನಿ ಒಡೆದುಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ನೀಲಿ ಸಾಕೆಟ್ಟು ಇರುವುದಿಲ್ಲ. ಲೈನ್ ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತನ್ನಿ. ಆಡಾಸಿಟಿ ತಂತ್ರಾಂಶದಲ್ಲಿ 24 ಬಿಟ್ ಇಟ್ಟುಕೊಂಡು, ಅತಿ ಜೋರಿನ ಚಂಡೆ ಪೆಟ್ಟು ಕೂಡ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. 24 ಬಿಟ್ಟಿನ ಉಪಯೋಗ ಇಲ್ಲಿದೆ: ಮಟ್ಟ ತುಸು ಕಡಿಮೆಯಿಟ್ಟರೂ ಏನೂ ನಷ್ಟವಿಲ್ಲ. ಪೀಠಿಕೆಯ ಪದಗಳಿಗೆ ಹೊಂದಿಸಿ ಬಿಟ್ಟರೆ ಯುದ್ಧದ ಪ್ರಸಂಗ ಬಂದಾಗ ಕೆಂಪು ದೀಪ ಉರಿಯುತ್ತದೆ. ಆದ್ದರಿಂದ ಮೊದಲು ಯುದ್ಧದ ಭಾಗವನ್ನು ನುಡಿಸಿ ನೋಡಿ.

ಸರಸರ ತೆಗೆಯುವ ವಿಷಯದಲ್ಲಿ ಎಚ್ಚರ. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಮೊದಲು ಬರೀ ಸದ್ದಿನ ಒಂದು ತುಣುಕನ್ನು ತೋರಿಸಬೇಕು. ಅದನ್ನು ಹಾಡು ಶುರುವಾಗುವ ಮುಂಚಿನ ಭಾಗದಿಂದಲೇ ಆರಿಸಿ, ಶ್ರುತಿ ಹಿಡಿದ ಮೇಲಿನದರಿಂದಲ್ಲ. ಒಂದೇ ಸಮನೆ ಇರುವುದೆಲ್ಲ ಗದ್ದಲ ಎಂದು ಅದು ತಿಳಿಯುತ್ತದೆ. ಶ್ರುತಿಪೆಟ್ಟಿಗೆಯನ್ನು ತೋರಿಸಿದರೆ ಶ್ರುತಿಯನ್ನೇ ಅಳಿಸಿಹಾಕುತ್ತದೆ. ತಂಬೂರಿಯೂ ಹೀಗೇ ಬಲಿಯಾದ ಕಛೇರಿಗಳನ್ನು ನಾನು ಕೇಳಿದ್ದೇನೆ. ಗಾಯಕರು ಗಾಳಿಯಲ್ಲಿ ತೇಲಾಡುತ್ತಿರುತ್ತಾರೆ. 6 ಡೆಸಿಬೆಲ್‌ನಷ್ಟು ಇಳಿಸಿದರೆ ಸಾಕು. ಪೂರ್ತಿ ತೆಗೆಯಲು ಹೋದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಮೂಲ ಮುದ್ರಣವನ್ನು ಮಾತ್ರ ಮುಟ್ಟದೆ ಫ್ಲಾಕ್ ಮಾಡಿ ಬೇರೆ ಇಡಿ.

ಒಂದು ದೋಷ ಮಾತ್ರ ಸರಿಯಾಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಪುಟ್ಟ ರೆಕಾರ್ಡರುಗಳಲ್ಲಿ ಮಟ್ಟವನ್ನು ತಾನೇ ಏರಿಸಿ ಇಳಿಸುವ ವ್ಯವಸ್ಥೆ ಇರುತ್ತಿತ್ತು. ಚಂಡೆಯ ಪೆಟ್ಟು ಬಿದ್ದೊಡನೆ ಎಲ್ಲವೂ ಕುಗ್ಗಿ, ಮತ್ತೆ ನಿಧಾನಕ್ಕೆ ಏರುತ್ತದೆ. ಭಾಗವತರು ದೂರ ಹೋಗಿ ಹತ್ತಿರ ಬಂದಂತೆ ಕೇಳುತ್ತದೆ. ಅದು ಟೇಪಿನಲ್ಲೇ ಬರೆದುಹೋಗಿದೆ. ವೇಗದ ದೋಷವನ್ನಾದರೆ ತಿದ್ದಬಹುದು. ಬ್ಯಾಟರಿ ಇಳಿದಾಗ ಮುದ್ರಿಸಿದ್ದರೆ ಈಗ ನುಡಿಸುವಾಗ ಶ್ರುತಿ ಏರಿರುತ್ತದೆ. ವೇಗ ಸುಮಾರು 6 ಶೇಕಡಾ ಹೆಚ್ಚಾದರೆ ಅರ್ಧ ಸ್ವರದಷ್ಟು ಏರಿದಂತೆ. ಆ ಭಾಗವತರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರೆಂದು ಬಲ್ಲ ಹಿಮ್ಮೇಳದ ಹಿರಿಯರು ನಿಮ್ಮಲ್ಲಿ ಸಿಕ್ಕೇ ಸಿಗುತ್ತಾರೆ. ಅವರನ್ನು ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ವೇಗ ತಿದ್ದಿ.

ಪ್ರಶ್ನೆ (ಶಿವಮೊಗ್ಗದಿಂದ): ವಿಂಡೋಸ್‌ನಲ್ಲಿ ಯಾವ ಸೆಟ್ಟಿಂಗ್ ಬದಲಾಯಿಸಬೇಕು? ಕಂಪ್ಯೂಟರ್ ಹಳೆಯದು, ವಿಂಡೋಸ್ 11 ಹಾಕಲು ಆಗುವುದಿಲ್ಲವಂತೆ.

ಉತ್ತರ: ಮೊದಲು 'ಆಡಿಯೊ ಎನ್‌ಹಾನ್ಸ್‌ಮೆಂಟ್ಸ್' ಎಂಬುದನ್ನು ಆಫ್ ಮಾಡಿ. ಬಾಸ್ ಹೆಚ್ಚಿಸುವ, ಸುತ್ತಮುತ್ತ ಕೇಳಿಸುವ ಆ ಚಮತ್ಕಾರಗಳೇ ಮೃದಂಗವನ್ನು ಡೋಲು ಮಾಡುವುದು. ಆಮೇಲೆ ಫೂಬಾರ್2000 ಹಾಕಿಕೊಂಡು, ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಸಾಧನದ ಹೆಸರಿನ ಜತೆ 'ಎಕ್ಸ್‌ಕ್ಲೂಸಿವ್' ಎಂದಿರುವುದನ್ನು ಆರಿಸಿ. ಇಲ್ಲದಿದ್ದರೆ ವಿಂಡೋಸ್ ಎಲ್ಲ ಸದ್ದುಗಳನ್ನೂ ಒಂದೇ ಕಡೆ ಕಲಸಿ, 44.1ರ ಹಾಡನ್ನು ಬಹುತೇಕ 48ಕ್ಕೆ ಬದಲಾಯಿಸಿ ಕಳಿಸುತ್ತದೆ. ಆ ಬದಲಾವಣೆ ಕಿವಿಗೆ ತಿಳಿಯುವುದು ಅಪರೂಪ ಎಂದು ನಾನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಆಲಾಪನೆಯ ನಡುವೆ ಮಿಂಚಂಚೆ ಬಂತೆಂದು ಟಿಂಗ್ ಎನ್ನುವುದು ಮಾತ್ರ ಎಂಥ ಕಿವಿಗೂ ತಿಳಿಯುತ್ತದೆ, ಎಕ್ಸ್‌ಕ್ಲೂಸಿವ್‌ನಲ್ಲಿ ಅದು ಬಾಯಿ ಮುಚ್ಚುತ್ತದೆ.

ಹಳೆಯ ಕಂಪ್ಯೂಟರಿನ ಬಗ್ಗೆ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಡಿಗೆ ಮಾತ್ರ ಬಳಸುವುದಾದರೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿ, ಅದಕ್ಕೆ ಸ್ಟ್ರಾಬೆರಿ ಎಂಬ ಪ್ಲೇಯರ್ ಸಿಗುತ್ತದೆ. ಫ್ಲಾಕ್ ನುಡಿಸಲು ಹದಿನೈದು ವರ್ಷದ ಕಂಪ್ಯೂಟರಿಗೂ ಬೆವರು ಬರುವುದಿಲ್ಲ. ಫ್ಯಾನಿನ ಸದ್ದು ದೊಡ್ಡ ಸಮಸ್ಯೆ. ಧೂಳು ತೆಗೆದು, ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಅರ್ಧ ಗಲಾಟೆ ಹೋಗುತ್ತದೆ. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಯಾವುದೋ ಕಚೇರಿಯಿಂದ ಬಿಡುಗಡೆಯಾದ ಪುಟ್ಟ ಕಂಪ್ಯೂಟರು. ಪುಸ್ತಕದ ಕಪಾಟಿನ ಹಿಂದೆ ಕೂತಿದೆ. ಮನೆಯವಳಿಗೆ ಅದು ಕಾಣಿಸುವುದಿಲ್ಲ, ಆದ್ದರಿಂದ ಮನೆಯಲ್ಲಿ ಶಾಂತಿಯೂ ಇದೆ.

ಪ್ರಶ್ನೆ (ಹಾಸನದಿಂದ): ಚಿನ್ನದ ಲೇಪದ ಯುಎಸ್‌ಬಿ ಕೇಬಲ್ ಹಾಕಿದರೆ ಧ್ವನಿ ಸುಧಾರಿಸುತ್ತದೆಯೇ?

ಉತ್ತರ: ಮಾರುವವರ ಧ್ವನಿ ಸುಧಾರಿಸುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಹೊಸ ಮನೆ ಕಟ್ಟಿದ್ದೇವೆ. ಹಳೆಯ ಮನೆಯಲ್ಲಿ ಚೆನ್ನಾಗಿದ್ದ ಸ್ಪೀಕರುಗಳು ಇಲ್ಲಿ ಗಲಗಲ ಎನ್ನುತ್ತವೆ. ಶೋಕೇಸಿನ ಮೇಲೆ ಚೆನ್ನಾಗಿ ಕಾಣುವಂತೆ ಇಟ್ಟಿದ್ದೇವೆ. 2,000 ವಾಟ್ ಪಿಎಂಪಿಒ ಇರುವ ಹೊಸ ಸೆಟ್ ತರಲೇ?

ಉತ್ತರ: ತರಬೇಡಿ. ಪಿಎಂಪಿಒ ಎಂಬುದು ಅಳತೆಯಲ್ಲ, ಜಾಹೀರಾತು. ಹಿಂದುಗಡೆಯ ಚೀಟಿಯಲ್ಲಿ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವಾಟ್, ಎಷ್ಟಿದೆ ನೋಡಿ. ನಿಮ್ಮ ಹಜಾರಕ್ಕೆ ಮೂವತ್ತು–ನಲವತ್ತು ವಾಟ್ ಧಾರಾಳ.

ತಪ್ಪಿತಸ್ಥ ನಿಮ್ಮ ನೆಲ. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ವಿಟ್ರಿಫೈಡ್ ಟೈಲ್ಸ್, ಬರಿಯ ಗೋಡೆ, ಗಾಜಿನ ಕಿಟಕಿಗಳ ನಡುವೆ ಅದು ಜಿರ್ರೆಂದು ಓಡಾಡುವುದು ಕೇಳಿಸುತ್ತದೆ. ಹಾಡಿಗೂ ಅದೇ ಗತಿ. ಗಮಕದ ಒಂದು ಸ್ವರದ ಬಾಲ ಇನ್ನೊಂದರ ತಲೆಯ ಮೇಲೆ ಬೀಳುತ್ತದೆ. ನೀವಿರುವ ಊರಿಗೆ ನವಲಗುಂದ ಹತ್ತಿರ. ಅಲ್ಲಿಯ ಒಂದು ದೊಡ್ಡ ಜಮಖಾನ ತಂದು ನಿಮಗೂ ಸ್ಪೀಕರಿಗೂ ನಡುವೆ ಹಾಸಿ. ಕಿಟಕಿಗೆ ದಪ್ಪ ಪರದೆ, ನೀವು ಕೂರುವ ಜಾಗದ ಹಿಂದೆ ತುಂಬಿದ ಪುಸ್ತಕದ ಕಪಾಟು. ಮತ್ತೆ ಚಪ್ಪಾಳೆ ತಟ್ಟಿ.

ಆಮೇಲೆ ಸ್ಪೀಕರುಗಳನ್ನು ಶೋಕೇಸಿನಿಂದ ಇಳಿಸಿ. ಗೊಂಬೆಗಳ ನಡುವೆ ತೂರಿಸಿದ ಸ್ಪೀಕರಿಗೆ ಗೋಡೆಯೂ ಮೂಲೆಯೂ ಸೇರಿ ಇಲ್ಲದ ಬಾಸ್ ಕಟ್ಟಿಕೊಡುತ್ತವೆ. ಗಟ್ಟಿಯಾದ ಸ್ಟೂಲಿನ ಮೇಲೆ, ಹಿಂದಿನ ಗೋಡೆಯಿಂದ ಒಂದೂವರೆ–ಎರಡು ಅಡಿ ಮುಂದೆ, ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ಕೂತವರ ಕಿವಿಯ ಎತ್ತರಕ್ಕೆ ಬರುವಂತೆ ಇಡಿ. ಎರಡು ಸ್ಪೀಕರುಗಳ ನಡುವಿನ ದೂರ ಎಷ್ಟೋ ನಿಮ್ಮಿಂದ ಒಂದೊಂದಕ್ಕೂ ಅಷ್ಟೇ ದೂರವಿರಲಿ. ಸರಿಯಾಗಿ ಕೂತರೆ ಗಾಯಕರು ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ ಕಾಣತೊಡಗುತ್ತಾರೆ. ಶೋಕೇಸಿನ ಅಂದ ಕೆಟ್ಟಿತು ಎಂದು ಮನೆಯಲ್ಲಿ ಆಕ್ಷೇಪ ಬಂದರೆ ನಾನು ಹೊಣೆಯಲ್ಲ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಹಾಡುಗಳ ಹೆಸರು ಕನ್ನಡದಲ್ಲಿ ಬರೆಯಬಹುದೇ? ಹಳೆಯ ಎಂಪಿ3 ಸಿ.ಡಿ.ಯ ಹೆಸರುಗಳು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ.

ಉತ್ತರ: ಧಾರಾಳವಾಗಿ ಬರೆಯಬಹುದು. ನಿಮ್ಮ ಹಳೆಯ ಸಿ.ಡಿ.ಯ ಹೆಸರುಗಳು ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟುಗಳಿಗೆಂದು ಟೈಪು ಮಾಡಿದವು. ಆ ಫಾಂಟು ಇಲ್ಲದೆಡೆ ಇಂಗ್ಲಿಷಿನ ಚೂರುಪಾರಾಗಿ ಕಾಣುತ್ತವೆ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದಲ್ಲಿ ಮತ್ತೆ ಬರೆಯಿರಿ.

ನಮ್ಮ ಸಂಗೀತಕ್ಕೆ 'ಆರ್ಟಿಸ್ಟ್, ಆಲ್ಬಂ' ಎಂಬ ಎರಡು ಮನೆ ಸಾಲದು. ಫ್ಲಾಕ್ ಫೈಲಿನಲ್ಲಿ ಬೇಕಾದ ಮನೆಗಳನ್ನು ನೀವೇ ಸೇರಿಸಬಹುದು: ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯ. ಮನೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗೆ ಕನ್ನಡ ಇರಬಹುದು. ನಾನಂತೂ ಮೃದಂಗದವರ ಹೆಸರು ಬರೆಯದೆ ಒಂದು ಫೈಲನ್ನೂ ಒಳಗೆ ಬಿಡುವುದಿಲ್ಲ. ಇಂಟರ್ನೆಟ್ಟಿನಿಂದ ತಾನಾಗಿ ಬರುವ ಪಟ್ಟಿಗಳಲ್ಲಿ ಮೊದಲು ಮಾಯವಾಗುವುದು ಅವರೇ. ಒಂದೇ ರಾಗವನ್ನು ಒಂದು ಕಡೆ 'ತೋಡಿ', ಇನ್ನೊಂದು ಕಡೆ 'ತೋಡೀ' ಎಂದು ಬರೆದರೆ ಕಂಪ್ಯೂಟರಿಗೆ ಅವು ಎರಡು ರಾಗ. ಹಿಂದುಸ್ತಾನಿಯ ತೋಡಿ ಬೇರೆಯೇ ಎಂಬುದನ್ನೂ ಮರೆಯಬೇಡಿ, ಅದಕ್ಕೆ ಪದ್ಧತಿ ಎಂಬ ಇನ್ನೊಂದು ಮನೆ ಬೇಕಾಗುತ್ತದೆ. ರಾಗಗಳ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿಕೊಂಡು ಅದರಂತೆಯೇ ಟೈಪು ಮಾಡಿ. ಕೆಲಸ ಮುಗಿದ ಮೇಲೆ ಡಿಸ್ಕಿನ ಇನ್ನೊಂದು ಪ್ರತಿ ತೆಗೆದು ನೆಂಟರ ಮನೆಯಲ್ಲಿಡಿ. ಒಂದೇ ಮನೆಯಲ್ಲಿ ಎರಡು ಪ್ರತಿ ಇದ್ದರೆ ಸಿಡಿಲಿಗೆ ಎರಡೂ ಒಂದೇ.

ಪ್ರಶ್ನೆ (ಉಡುಪಿಯಿಂದ): ಮಗಳು ಅಮೆರಿಕದಿಂದ ಒಳ್ಳೆಯ ಆಂಪ್ಲಿಫೈಯರನ್ನೂ ಕ್ಯಾಸೆಟ್ ಡೆಕ್ಕನ್ನೂ ತಂದಿದ್ದಾಳೆ. ಪ್ಲಗ್ ಅಡಾಪ್ಟರ್ ಹಾಕಿ ಚುಚ್ಚಬಹುದೇ?

ಉತ್ತರ: ಚುಚ್ಚಿಲ್ಲ ತಾನೇ? ಹಿಂದುಗಡೆ '120 ವಿ' ಎಂದಷ್ಟೇ ಬರೆದಿದ್ದರೆ ನಮ್ಮ 230ಕ್ಕೆ ಒಂದು ಕ್ಷಣ ಕೊಟ್ಟರೂ ಹೊಗೆ ಬರುತ್ತದೆ. ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ವೋಲ್ಟೇಜ್ ಬದಲಾಯಿಸುವ ಸ್ವಿಚ್ಚು ಹಿಂದೆ ಇದೆಯೇ ನೋಡಿ. ಇಲ್ಲದಿದ್ದರೆ ಆಂಪ್ಲಿಫೈಯರ್ ಎಳೆಯುವ ವಾಟಿಗಿಂತ ಹೆಚ್ಚು ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಡೆಕ್ಕಿನ ವಿಷಯದಲ್ಲಿ ಇನ್ನೊಂದು ತಪಾಸಣೆ: ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಒಳಗಿರುವುದು ಡಿ.ಸಿ. ಮೋಟಾರಾದರೆ ತೊಂದರೆಯಿಲ್ಲ. ಕರೆಂಟಿನ ಹರ್ಟ್ಸನ್ನೇ ನಂಬಿ ಓಡುವ ಹಳೆಯ ಎ.ಸಿ. ಮೋಟಾರಾದರೆ ಆರನೇ ಒಂದು ಭಾಗ ನಿಧಾನವಾಗುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಮುಟ್ಟುವುದಿಲ್ಲ. ಮುಚ್ಚಳ ತೆಗೆದು ಮೋಟಾರಿನ ಮೇಲಿನ ಚೀಟಿಯ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ. ಪ್ಲಗ್ ಕಿತ್ತ ಮೇಲೆ ತೆಗೆಯಿರಿ.